ಕಲ್ಯಾಣ ಮಂಟಪಕ್ಕೊಂದು ಡೀಸೆಲ್ ಪಂಪು

ಹಳೆಯ ಕಟ್ಟಡಗಳಿಗೆ ಬೆಂಕಿ ಆರಿಸುವ ಪಂಪು ಕೂಡಿಸುವುದು ನನ್ನ ಕಸುಬು. ದಾವಣಗೆರೆಯಿಂದ ಹರಿಹರದವರೆಗೆ ಎಲ್ಲಿ ಹೋದರೂ ನಗುವಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಹರಿಹರದ ಒಂದು ಕಲ್ಯಾಣ ಮಂಟಪದಲ್ಲಂತೂ ಸಾಲಾಗಿ ಆದವು.

ಹೊಳೆ ಐತಲ್ಲ

ಮಂಟಪದ ಯಜಮಾನರಿಗೆ ಹೇಳಿದೆ: "ನಿಮ್ಮ ಪಂಪು ಕರೆಂಟಿಂದು. ಕರೆಂಟ್ ಹೋದ್ರೂ ಓಡೋ ಡೀಸೆಲ್ ಪಂಪು ಇನ್ನೊಂದು ಬೇಕ್ರಿ."

"ಯಾಕ್ರಿ? ಹೊಳೆ ಇಲ್ಲೇ ಐತೆ, ನೀರಿಗೇನು ಬರ?"

"ನೀರು ಮ್ಯಾಲೆ ಏರಬೇಕಲ್ರಿ. ಬೆಂಕಿ ಬಿದ್ರೆ ಮೊದ್ಲು ಮೇನ್ ಸ್ವಿಚ್ ತೆಗೀತಾರೆ. ಆಗ ಪಂಪೂ ನಿಲ್ತೈತೆ."

ಯಜಮಾನರು ತುಸು ಯೋಚಿಸಿದರು. "ಹಂಗಾದ್ರೆ ಬೆಂಕಿ ಆರಿದ ಮ್ಯಾಲೆ ತೆಗೀರಿ ಅಂತ ಹೇಳಿದ್ರಾತು ಬಿಡ್ರಿ!"

ಐಸ್‌ಕ್ರೀಮ್ ಮೊದಲು

ಮತ್ತೊಮ್ಮೆ ಹೋದಾಗ ಯಜಮಾನರು ಹೆಮ್ಮೆಯಿಂದ ಜನರೇಟರ್ ತೋರಿಸಿದರು. ವೈರು ಹಿಡಿದು ನೋಡುತ್ತಾ ಹೋದೆ. ಮದುಮಗಳ ಕೋಣೆಯ ಎ.ಸಿ., ಊಟದ ಹಾಲಿನ ಫ್ಯಾನು, ಐಸ್‌ಕ್ರೀಮ್ ಪೆಟ್ಟಿಗೆ ಎಲ್ಲಕ್ಕೂ ಸಂಪರ್ಕವಿತ್ತು. ಪಂಪಿಗೆ ಮಾತ್ರ ಇರಲಿಲ್ಲ.

"ಅದಕ್ಕೂ ಕೊಟ್ರೆ ಜನರೇಟರ್ ತಡಿಯಂಗಿಲ್ರಿ. ಐಸ್‌ಕ್ರೀಮ್ ಕರಗಿದ್ರೆ ಬೀಗರು ಸುಮ್ನೆ ಇರ್ತಾರೇನ್ರಿ?"

ಅಲ್ಲೇ ನಿಂತಿದ್ದ ಅವರ ಮಗಳಿಗೆ ಇದೇ ಮಂಟಪದಲ್ಲಿ ಮದುವೆ ಗೊತ್ತಾಗಿತ್ತು. ಅವಳು ಕೇಳಿದಳು: "ಅಪ್ಪಾಜಿ, ಬೀಗರೇ ಸುಟ್ಟುಹೋದ್ರೆ ಐಸ್‌ಕ್ರೀಮ್ ತಿನ್ನೋರು ಯಾರು?"

ಡೀಸೆಲ್ ಪಂಪು ಅದೇ ವಾರ ಬಂತು.

ಹಾರ

ಮದುವೆಗೆ ಮುಂಚೆ ಪಂಪು ನೋಡಿ ಬರೋಣವೆಂದು ಹೋದರೆ ಕೋಣೆಗೆ ಬೀಗ. ತೆಗೆಸಿ ನೋಡಿದರೆ ಒಳಗೆ ಪಂಪಿಗೆ ವಿಭೂತಿ, ಚೆಂಡು ಹೂವಿನ ಹಾರ, ಮೇಲೊಂದು ಶಾಲು!

"ವಾರಕ್ಕೊಂದು ಸಲ ಚಾಲೂ ಮಾಡ್ರಿ ಅಂದಿದ್ನಲ್ರಿ?"

"ಪೂಜೆ ಮಾಡಿ ಇಟ್ಟೀವ್ರಿ. ಹೊಗೆ ಹಿಡಿಸಾಕ ಮನಸ್ಸೇ ಬರಂಗಿಲ್ಲ."

ಚಾಲೂ ಮಾಡಿದೆ, ಉಸಿರೇ ಇಲ್ಲ. ಸಿಟ್ಟು ಬಂತು. "ಹಾರ ಹಾಕಿದ್ದು ಸರಿಯಾಗೈತೆ ಬಿಡ್ರಿ, ಬ್ಯಾಟರಿ ತೀರಿಕೊಂಡೈತೆ" ಎಂದು ಹೊಸ ಬ್ಯಾಟರಿ ಹಾಕಿಸಿ ಬಂದೆ.

ಗಟ್ಟಿಮೇಳ

ಮದುವೆಗೆ ನನ್ನನ್ನೂ ಕರೆದಿದ್ದರು. ಇನ್ನೇನು ತಾಳಿ ಕಟ್ಟಬೇಕು, ವೇದಿಕೆ ಹಿಂದಿನ ಸೀರಿಯಲ್ ಲೈಟು ಕಿಡಿ ಹಾರಿಸಿ ಪರದೆ ಹತ್ತಿಕೊಂಡಿತು. ಎಲೆಕ್ಟ್ರಿಷಿಯನ್ ಓಡಿ ಮೇನ್ ತೆಗೆದ. ವಾಲಗದವರು ಡೋಲು ಬಿಟ್ಟು ಬೀದಿಗೆ ಓಡಿದರು. ಯಜಮಾನರು ಬಿಳಿಚಿಕೊಂಡು ಮಗಳನ್ನು ತಬ್ಬಿ ನಿಂತಿದ್ದರು. ದೇವರೇ, ಬ್ಯಾಟರಿ ಕೈ ಕೊಡದಿರಲಿ ಅಂದುಕೊಳ್ಳುತ್ತಲೇ ಗೋಡೆಯ ಪೈಪು ಎಳೆದು ವಾಲ್ವ್ ತಿರುಗಿಸಿದೆ. ಮೊದಲು ನೀರು ಸಣ್ಣಗೆ ಬಂತು. ಪೈಪಿನ ಒತ್ತಡ ಇಳಿದದ್ದೇ ಡೀಸೆಲ್ ಪಂಪು ತಾನಾಗಿಯೇ ಚಾಲೂ ಆಯಿತು, ಹಿಂದಿನ ಕೋಣೆಯಿಂದ ಢಗಢಗಢಗ! ನೀರು ನುಗ್ಗಿತು, ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ. ಗಂಡು ಹೆಣ್ಣು ಮಾತ್ರ ತೊಯ್ದು ತೊಪ್ಪೆಯಾಗಿದ್ದರು.

"ಮುಹೂರ್ತ ಮೀರ್ತೈತೆ, ಗಟ್ಟಿಮೇಳ! ಗಟ್ಟಿಮೇಳ!" ಎಂದು ಅಯ್ಯನವರು ಕೂಗಿದರು. ಬಾರಿಸುವವರೇ ಇಲ್ಲ. ನಾನು ಪಂಪು ನಿಲ್ಲಿಸಲು ಹೊರಟೆ. ಯಜಮಾನರು ರಟ್ಟೆ ಹಿಡಿದು ಎಳೆದರು. "ನಿಲ್ಲಿಸಬ್ಯಾಡ್ರಿ! ಬಾರಿಸ್ಲಿ!"

ಆ ಢಗಢಗದಲ್ಲೇ ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿದ್ದಾಯಿತು.

ಊಟವಾದ ಮೇಲೆ ವಾಲಗದವರು ಬಂದು ತಮ್ಮ ತಾಂಬೂಲ ಕೇಳಿದರು. ಯಜಮಾನರು ಪಂಪಿನ ಕೋಣೆಯತ್ತ ಕೈ ತೋರಿಸಿದರು. "ಗಟ್ಟಿಮೇಳ ಬಾರಿಸಿದೋರಿಗೆ ಕೊಟ್ಟಾತು. ಹೋಗಿ ಅವರನ್ನೇ ಕೇಳ್ರಿ!"