ಉತ್ತರಕ್ಕೆ ತಕ್ಕ ಪ್ರಶ್ನೆ

ಸರ್ಕಾರದ ಮುಖ್ಯಸ್ಥರು ಪ್ರತಿ ಬುಧವಾರ ಖುದ್ದಾಗಿ ಸದನಕ್ಕೆ ಹಾಜರಾಗಿ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು ಎಂಬ ಕಾಯ್ದೆ ಜಾರಿಗೆ ಬಂದ ಮೇಲೆ, ಮುಖ್ಯಸ್ಥರು ಒಂದೇ ಒಂದು ಬುಧವಾರವನ್ನೂ ತಪ್ಪಿಸಿದವರಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರಿಗೆ ಪ್ರಶ್ನೆ ಕಂಡರೆ ಭಯ ಎಂದು ಊರ ತುಂಬ ಆಡಿಕೊಳ್ಳುವವರಿದ್ದಾರೆ. ಕೈಯಲ್ಲಿ ಕೆಲಸವಿಲ್ಲದವರು ಏನಾದರೂ ಆಡಿಕೊಳ್ಳುತ್ತಲೇ ಇರುತ್ತಾರೆ, ಬಿಡಿ.

ಮೊದಲ ಬುಧವಾರ ಮಾತ್ರ ಸ್ವಲ್ಪ ಎಡವಟ್ಟಾಯಿತು. ಹಿಂದಿನ ಸಾಲಿನ ಹೊಸ ಸದಸ್ಯರೊಬ್ಬರು ಎದ್ದು ನಿಂತು, "ಮಾನ್ಯರೇ, ಈಗ ಹಾಲಿನ ಬೆಲೆ ಎಷ್ಟು?" ಎಂದು ಕೇಳಿಬಿಟ್ಟರು. ಮುಖ್ಯಸ್ಥರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ನೀರು ಕುಡಿದರು. ಲೋಟ ಖಾಲಿಯಾಯಿತು, ಇನ್ನೊಂದು ಲೋಟ ಬಂತು, ಅದೂ ಖಾಲಿಯಾಯಿತು. ಅಷ್ಟರಲ್ಲಿ ಕಲಾಪದ ಹೊತ್ತು ಮುಗಿಯಿತು. ಮರುದಿನವೇ ತಜ್ಞರ ಸಮಿತಿ ರಚನೆಯಾಯಿತು. ಸಮಿತಿಯವರು ಒಂದು ತಂಪಾದ ಜಾಗಕ್ಕೆ ಹೋಗಿ ಕೂತು, ಚೆನ್ನಾಗಿ ಉಂಡು ಆಲೋಚಿಸಿ, ದೋಷ ಮುಖ್ಯಸ್ಥರದ್ದಲ್ಲ, ಪ್ರಶ್ನೆಯದ್ದೂ ಅಲ್ಲ, ಅನುಕ್ರಮದ್ದು ಎಂದು ಕಂಡುಹಿಡಿದರು. ಪ್ರಶ್ನೆ ಮೊದಲು ಬರುವ ಹಳೆಯ ಪದ್ಧತಿಯಿಂದ ಉತ್ತರದ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಆದ್ದರಿಂದ ಇನ್ನು ಮುಂದೆ ಉತ್ತರಗಳು ಸೋಮವಾರ ಬರತಕ್ಕದ್ದು. ಅವಕ್ಕೆ ಹೊಂದುವ ಪ್ರಶ್ನೆಗಳನ್ನು ಸದಸ್ಯರು ಬುಧವಾರ ಕೇಳತಕ್ಕದ್ದು.

ವಿರೋಧ ಪಕ್ಷದ ನಾಯಕರು ಇದನ್ನು ಪ್ರಜಾಪ್ರಭುತ್ವದ ಕಗ್ಗೊಲೆ ಎಂದು ಮೇಜು ಕುಟ್ಟಿ ಖಂಡಿಸಿದರು. ಪ್ರಶ್ನೆಯನ್ನು ಕಚೇರಿಯವರೇ ಬರೆದುಕೊಡುತ್ತಾರೆ, ಸದಸ್ಯರು ಎದ್ದು ಓದಿದರೆ ಸಾಕು, ಭತ್ಯೆ ಮಾಮೂಲಿನಂತೆ ಸಿಗುತ್ತದೆ ಎಂದು ತಿಳಿದ ಮೇಲೆ ಕುಟ್ಟುವುದು ನಿಂತಿತು. ತಾವೂ ಒಂದು ದಿನ ಆ ಕುರ್ಚಿಯಲ್ಲಿ ಕೂರಬೇಕಾಗಬಹುದು ಎಂಬುದೂ ಅವರಿಗೆ ಅಷ್ಟರಲ್ಲಿ ನೆನಪಾಗಿತ್ತು.

ಬರೆಯುವ ಕೆಲಸ ಪ್ರಶ್ನೆ ಶಾಖೆಯ ಗುಮಾಸ್ತೆಯ ತಲೆಗೆ ಬಿತ್ತು. ಅವಳು ಅಚ್ಚುಕಟ್ಟಿನ ಹೆಂಗಸು. ಅವಳ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಹಳೆಯ ಕಾಯ್ದೆಯ ಪ್ರತಿಯನ್ನು ಮಡಿಚಿ ಇಟ್ಟಿದ್ದಳು. ಸೋಮವಾರ ಬೆಳಿಗ್ಗೆ ಉತ್ತರಗಳು ಬರುತ್ತಿದ್ದವು. ಭಾನುವಾರವಿಡೀ ಮುಖ್ಯಸ್ಥರ ಬಾಯಿಂದ ಬಿದ್ದದ್ದನ್ನೆಲ್ಲ ಆಪ್ತ ಕಾರ್ಯದರ್ಶಿ ಒಂದಕ್ಷರ ಬಿಡದೆ ಬರೆದುಕೊಂಡು ಕಳಿಸುತ್ತಿದ್ದ. "ಇಲ್ಲ, ಎಂದಿಗೂ ಇಲ್ಲ" ಎಂಬಂಥವು ಸುಲಭ. ಮುಖ್ಯಸ್ಥರು ಎಂದಾದರೂ ಲಂಚ ಮುಟ್ಟಿದ್ದುಂಟೇ ಎಂದು ಬರೆದರೆ ಆಯಿತು. ಒಮ್ಮೆ "ಎರಡು ಚಮಚ ಸಾಕು, ಸಕ್ಕರೆ ಬೇಡ" ಎಂದು ಬಂತು. ಅವಳು ಪೆನ್ನಿನ ತುದಿ ಕಚ್ಚಿ ಯೋಚಿಸಿ, "ಶಾಲಾ ಮಕ್ಕಳಿಗೆ ಕೊಡುವ ಕೆಮ್ಮಿನ ಔಷಧದ ಕುರಿತು ಸರ್ಕಾರದ ನೀತಿ ಏನು?" ಎಂದು ಬರೆದಳು. ಸದನ ಮೇಜು ತಟ್ಟಿ ಸ್ವಾಗತಿಸಿತು. ಅಂದಿನಿಂದ ಶಾಲೆಗಳಲ್ಲಿ ಕೆಮ್ಮಿದವರಿಗೂ ಕೆಮ್ಮದವರಿಗೂ ಎರಡೆರಡು ಚಮಚ ಕಹಿ ಔಷಧ ಬೀಳುತ್ತಿದೆ.

ಇಷ್ಟೆಲ್ಲ ಸುಗಮವಾಗಿ ನಡೆಯುತ್ತಿರುವಾಗ ಗುಮಾಸ್ತೆಯ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಅಮ್ಮ ನಿವೃತ್ತ ಬಸ್ ಕಂಡಕ್ಟರ್. ಸರ್ಕಾರಿ ಆಸ್ಪತ್ರೆಯ ನಾಲ್ಕನೇ ಮಹಡಿಗೆ ಅವಳನ್ನು ಹೊತ್ತೊಯ್ದ ಲಿಫ್ಟು ಅಲ್ಲಿಗೆ ತಲುಪಿ, ಬಾಗಿಲು ತೆರೆದು, ಹಾಗೇ ನಿಂತುಬಿಟ್ಟಿತು. ಮತ್ತೆ ಇಳಿಯಲಿಲ್ಲ. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಮನೆಗೆ ಹೋಗಬಹುದು ಎಂದರು. ಆದರೆ ಮೆಟ್ಟಿಲು ಮುಟ್ಟಕೂಡದು ಎಂದರು. ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ. ಹಿಂದೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಹೋಗಿ, ಅವರು ನಿರೀಕ್ಷೆಗಿಂತ ಬೇಗ ಕೆಳಗೆ ತಲುಪಿದ್ದರಿಂದ ಆ ಸೇವೆಯನ್ನು ಹಿಂತೆಗೆದುಕೊಳ್ಳಲಾಗಿತ್ತು.

"ಜೀವಮಾನ ಪೂರ್ತಿ ಜನರನ್ನ ಇಳಿಸಿದೋಳು ಕಣೇ ನಾನು," ಎಂದು ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ನನ್ನನ್ನ ಇಳಿಸೋಕೆ ಒಬ್ಬ ಗತಿ ಇಲ್ವಲ್ಲ! ನೀನು ಅಷ್ಟು ದೊಡ್ಡ ಆಫೀಸಲ್ಲಿದೀಯ. ಕೇಳ್ಬಾರದಾ?"

"ಕೇಳ್ತೀನಮ್ಮ. ಸ್ವಲ್ಪ ತಡ್ಕೋ."

"ತಡ್ಕೊಂಡೇ ಇದೀನಲ್ಲ, ಇನ್ನೇನು ಹಾರಿಬಿಡ್ತೀನಾ?"

ಗುಮಾಸ್ತೆ ಮರುದಿನ ಶಾಖಾಧಿಕಾರಿಯ ಮುಂದೆ ನಿಂತಳು. "ಸರ್, ಆಸ್ಪತ್ರೆ ಲಿಫ್ಟ್ ಬಗ್ಗೆ ಒಂದು ಪ್ರಶ್ನೆ ಹಾಕೋಣ ಅಂತ."

ಶಾಖಾಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಉತ್ತರ ಬಂದಿದೆಯಾ?"

"ಇಲ್ಲ ಸರ್."

"ಅಯ್ಯೋ, ಉತ್ತರ ಇಲ್ಲದ ಪ್ರಶ್ನೆ ಇಟ್ಕೊಂಡು ಏನಮ್ಮ ಮಾಡ್ತೀಯ? ಪಾಪ, ಅನಾಥ ಆಗಿಬಿಡುತ್ತೆ. ಓದಿಕೊಂಡವಳು ನೀನು, ನಿನಗೂ ನಾನು ಹೇಳ್ಬೇಕಾ?"

ಅವಳಿಗೆ ನಾಚಿಕೆಯಾಯಿತು. ಅಂದಿನಿಂದ ಪ್ರತಿ ಸೋಮವಾರ ಉತ್ತರಗಳನ್ನು ತಿರುವಿಹಾಕುವುದು, ಸಂಜೆ ಮೆಟ್ಟಿಲು ಹತ್ತಿ ಹೋಗಿ ಅಮ್ಮನಿಗೆ "ಈ ವಾರವೂ ಹೊಂದಲಿಲ್ಲ" ಎಂದು ವರದಿ ಒಪ್ಪಿಸುವುದು ರೂಢಿಯಾಯಿತು. ಒಂದು ಸೋಮವಾರ ಕೊನೆಗೂ ಬಂತು: "ಮುಂದಿನ ವಾರವೇ ಸರಿಹೋಗುತ್ತದೆ. ಮೊದಲಿನ ಹಾಗೆ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. ನಾನೇ ಬಂದು ಕೂತು ನೋಡುತ್ತೇನೆ."

ಅದು ಮುಖ್ಯಸ್ಥರು ತಮ್ಮ ಮೊಮ್ಮಗಳಿಗೆ ತೋಟದ ಉಯ್ಯಾಲೆಯ ಬಗ್ಗೆ ಹೇಳಿದ ಮಾತು. ಇರಲಿ. ಗುಮಾಸ್ತೆ ಕುರ್ಚಿಯಲ್ಲೇ ಕುಣಿದಾಡಿದಳು. ಬುಧವಾರ ಹಿಂದಿನ ಸಾಲಿನ ಆ ಸದಸ್ಯರೇ ಎದ್ದು, ಸರ್ಕಾರಿ ಆಸ್ಪತ್ರೆಯ ಲಿಫ್ಟಿನ ಪ್ರಶ್ನೆಯನ್ನು ತಡವರಿಸದೆ ಓದಿದರು. ಹಾಲಿನ ಕಾಲದಿಂದ ಅವರು ತುಂಬ ಸುಧಾರಿಸಿದ್ದರು. ಮುಖ್ಯಸ್ಥರು ಮೊಮ್ಮಗಳನ್ನು ನೆನೆದು ಗದ್ಗದಿತರಾಗಿ ಉತ್ತರ ಓದಿದರು. ಮುಖ್ಯಸ್ಥರಿಗೆ ರೋಗಿಗಳ ಮೇಲಿರುವ ಮಮತೆ ಕಂಡು ಸದನದ ಕಣ್ಣೂ ಒದ್ದೆಯಾಯಿತು.

ಆಸ್ಪತ್ರೆಯಲ್ಲಿ ಮೆಕ್ಯಾನಿಕ್ ಬಂದು ನೋಡಿ, ಮೋಟಾರೇ ಸುಟ್ಟುಹೋಗಿದೆ, ಹೊಸದು ತರಿಸಬೇಕು ಎಂದ. ಅಧೀಕ್ಷಕರು ಅವನನ್ನು ಗದರಿಸಿ ಕಳಿಸಿದರು. ಸದನದಲ್ಲಿ ಮುಖ್ಯಸ್ಥರು ಆಡಿದ ಮಾತನ್ನು ಒಬ್ಬ ಮೆಕ್ಯಾನಿಕ್ ಸುಳ್ಳು ಮಾಡುವುದೆಂದರೇನು? ಮುಂದಿನ ವಾರ ಬಂತು. ಲಿಫ್ಟ್ ಸರಿಯಾಯಿತು. ನೆಲಮಹಡಿಯಲ್ಲೂ ನಾಲ್ಕನೇ ಮಹಡಿಯಲ್ಲೂ ಪ್ರಕಟಣೆ ಅಂಟಿಸಿದರು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಲಿಫ್ಟ್ ಇಂದಿನಿಂದ ಸುಸ್ಥಿತಿಯಲ್ಲಿರುತ್ತದೆ. ಲಿಫ್ಟಿನ ಒಳಗೆ ಹೋಗಿ ಹೊರಗೆ ಬಂದವರನ್ನು ಕೆಳಗೆ ಇಳಿದವರೆಂದು ಪರಿಗಣಿಸಲಾಗುವುದು. ಇಳಿದ ನಂತರವೂ ನಾಲ್ಕನೇ ಮಹಡಿಯಲ್ಲೇ ಕಂಡುಬರುವವರಿಗೆ ಆಸ್ಪತ್ರೆಯು ಜವಾಬ್ದಾರಿಯಲ್ಲ."

ಅಮ್ಮನನ್ನು ಗಾಲಿಕುರ್ಚಿಯಲ್ಲಿ ಒಳಗೆ ತಳ್ಳಿದರು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಎಳೆದರು. ನರ್ಸ್ ಕೈ ಕುಲುಕಿ, "ಮನೆಯಲ್ಲಿ ಹುಷಾರಾಗಿರಿ ಅಜ್ಜಿ" ಎಂದಳು. ಹಾಸಿಗೆ ಬೇರೆಯವರಿಗೆ ಹೋಯಿತು.

"ಎಲ್ಲಿ ಹುಷಾರಾಗಿರಲೇ, ಈ ಗೋಡೆ ಮೊಳೆಗೆ ನೇತಾಡ್ಕೊಂಡಾ?" ಎಂದು ಅಮ್ಮ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ಆದರೆ ಡಿಸ್ಚಾರ್ಜ್ ಆದವರ ಕೂಗನ್ನು ಕೇಳಿಸಿಕೊಳ್ಳುವ ಅಧಿಕಾರ ವಾರ್ಡಿನವರಿಗಿರಲಿಲ್ಲ. ಕೊನೆಗೆ ಲಿಫ್ಟಿನೊಳಗೆ ಫ್ಯಾನ್ ಇದೆಯೆಂದು ಅವಳು ಅಲ್ಲೇ ಬಿಡಾರ ಹೂಡಿದಳು. ಮಗಳು ಮಡಚುವ ಮಂಚ ತಂದು ಹಾಕಿದಳು. ಕೆಟ್ಟ ಲಿಫ್ಟಿಗಾದರೆ ಆಪರೇಟರ್ ಬೇಡ, ಸರಿಯಾದ ಲಿಫ್ಟಿಗೆ ಬೇಕಲ್ಲ? ಅಧೀಕ್ಷಕರು ಅಮ್ಮನ ಅನುಭವ ವಿಚಾರಿಸಿ ಅವಳನ್ನೇ ನೇಮಿಸಿದರು. ಅವಳು ಮಂಚದ ಅಂಚಿನಲ್ಲಿ ಕೂತು, ಬಂದವರಿಗೆ "ಒಳಗೆ ಹೋಗಿ, ಒಳಗೆ ಜಾಗ ಇದೆ" ಎನ್ನುವಳು. ತುಸು ಹೊತ್ತಿನ ಮೇಲೆ "ಇಳಿಯೋರು ಇಳೀರಿ" ಎನ್ನುವಳು. ಜನ ಇಳಿದು, ಥ್ಯಾಂಕ್ಸ್ ಹೇಳಿ, ಮೆಟ್ಟಿಲ ಕಡೆ ನಡೆಯುವರು.

"ನಾನೇ ಬಂದು ಕೂತು ನೋಡುತ್ತೇನೆ" ಎಂದು ಉತ್ತರದಲ್ಲಿತ್ತಾದ್ದರಿಂದ ಒಂದು ಭಾನುವಾರ ಮುಖ್ಯಸ್ಥರು ಬಂದೇ ಬಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದು, ಲಿಫ್ಟಿನಲ್ಲಿ ಇಟ್ಟಿದ್ದ ಕುರ್ಚಿಯಲ್ಲಿ ಕೂತರು. ಅಧೀಕ್ಷಕರು, ಶಾಖಾಧಿಕಾರಿ, ಆಪ್ತ ಕಾರ್ಯದರ್ಶಿ ಸುತ್ತ ನಿಂತರು. ಉತ್ತರಕ್ಕೆ ಅಷ್ಟು ಚೆನ್ನಾಗಿ ಹೊಂದುವ ಪ್ರಶ್ನೆ ಬರೆದವಳೆಂದು ಗುಮಾಸ್ತೆಯನ್ನೂ ಕರೆಸಿದ್ದರು. ಎಲ್ಲರೂ ಗಂಭೀರವಾಗಿ ಮೇಲೆ ನೋಡುತ್ತಿದ್ದರು. ಫ್ಯಾನ್ ತಿರುಗುತ್ತಿತ್ತು.

ಅಮ್ಮ ಮಂಚದ ಸರಳು ಹಿಡಿದು ಮುಖ್ಯಸ್ಥರ ಮುಖವನ್ನೇ ನೋಡಿದಳು. "ಸ್ವಾಮೀ," ಎಂದಳು, "ನಾನು ಮನೆಗೆ ಹೋಗ್ಬೇಕು. ಇದು ಯಾವಾಗ ಇಳಿಯುತ್ತೆ?"

ಮುಖ್ಯಸ್ಥರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ನೀರಿಗಾಗಿ ಕೈ ಚಾಚಿದರು. ಲಿಫ್ಟಿನಲ್ಲಿ ನೀರಿರಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತು. ಆಗ ಗುಮಾಸ್ತೆ ಮುಂದೆ ಬಂದು ಅಮ್ಮನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು:

"ಅಮ್ಮಾ, ಹಾಗೆಲ್ಲ ಕೇಳ್ಬಾರದು. ಉತ್ತರ ಇನ್ನೂ ಬಂದಿಲ್ಲ."

ಶಾಖಾಧಿಕಾರಿ ಮೆಚ್ಚುಗೆಯಿಂದ ತಲೆದೂಗಿದರು. ಅಮ್ಮ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಹಳೆಯ ಬಸ್ಸಿನ ದನಿಯಲ್ಲಿ, "ಸ್ಟಾಪ್ ಬಂತು. ಇಳಿಯೋರು ಇಳೀರಿ" ಎಂದಳು.

ಎಲ್ಲರೂ ಇಳಿದರು. "ಒಂಚೂರೂ ಅಲ್ಲಾಡಲಿಲ್ಲ ನೋಡಿ!" ಎಂದು ಮುಖ್ಯಸ್ಥರು ಸಂತೋಷಪಟ್ಟರು. ಅಲ್ಲಾಡಲಿಲ್ಲವೆಂದು ಎಲ್ಲರೂ ಒಪ್ಪಿದರು. ಆಪ್ತ ಕಾರ್ಯದರ್ಶಿ ಆ ಮಾತನ್ನು ಬರೆದುಕೊಂಡ. ಪರಸ್ಪರ ಅಭಿನಂದಿಸುತ್ತ ಅವರೆಲ್ಲ ಮೆಟ್ಟಿಲಿಳಿದು ಹೋದರು.

ಹಿಂದೆ ಉಳಿದ ಗುಮಾಸ್ತೆ ಅಮ್ಮನ ಹೊದಿಕೆ ಸರಿಮಾಡಿ, ತಲೆದಿಂಬು ಕೊಡವಿದಳು. ಸೋಮವಾರಕ್ಕೆ "ಒಂಚೂರೂ ಅಲ್ಲಾಡಲಿಲ್ಲ" ಬರುತ್ತದೆ. ಅದಕ್ಕೆ ಯಾವ ಪ್ರಶ್ನೆ ಹೊಂದೀತೆಂದು ಅವಳ ತಲೆ ಆಗಲೇ ಹುಡುಕುತ್ತಿತ್ತು.

"ನೀನು ಹೊರಡು, ಹೊತ್ತಾಯ್ತು," ಎಂದಳು ಅಮ್ಮ, ಮಗ್ಗುಲಾಗುತ್ತ. "ಉತ್ತರ ಬಂದಾಗ ಹೇಳು. ಕೇಳ್ತೀನಿ."