ಸಭೆಗೆ ಮುಂಚೆ ಮುಗಿದ ಭಾಷಣ

ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲು ಗೆದ್ದವನು ನಾನು. ಅದೂ 'ಪತ್ರಿಕೆಗಳು ಸುಳ್ಳು ಬರೆಯುತ್ತವೆ' ಎಂದು ವಾದಿಸಿ! ಅಂಥವನನ್ನು ಒಂದು ವಾರಪತ್ರಿಕೆ ಮದ್ದೂರಿನ ಬಾತ್ಮೀದಾರನನ್ನಾಗಿ ಮಾಡಿಕೊಂಡಿತು. ಇನ್ನು ಸತ್ಯಕ್ಕೆ ಒಳ್ಳೆಯ ಕಾಲ ಬಂತೆಂದೇ ನಂಬಿದೆ.

ಪಕ್ಕದ ಕೊಪ್ಪದಲ್ಲಿದ್ದ ಸೋದರಮಾವ ಪುಟ್ಟೇಗೌಡರು ಒಂದು ಕರಾರು ಹಾಕಿದರು: "ವಾಚನಾಲಯದ ಸಭೆಗೆ ನಾನೇ ಅಧ್ಯಕ್ಷ. ನನ್ ಭಾಷಣ ಪೇಪರ್ನಲ್ಲಿ ಬರ್ಲಿ ಕಣ್ಲಾ, ನನ್ ಮಗ್ಳು ಜಯಮ್ಮನ್ನ ನಿಂಗೇ ಕೊಡ್ತೀನಿ."

ಜಯಮ್ಮನಿಗಾಗಿ ಪುರಾಣವನ್ನೇ ಬರೆದೇನು! ಆದರೆ ಯುದ್ಧದಿಂದ ಕಾಗದಕ್ಕೆ ಬರ ಬಂದು ಪತ್ರಿಕೆ ನಾಲ್ಕು ಪುಟಕ್ಕೆ ಇಳಿದಿತ್ತು. ಗುರುವಾರ ಮಧ್ಯಾಹ್ನದ ರೈಲು ತಪ್ಪಿದ ವರದಿಗೆ ಜಾಗವಿಲ್ಲ. ಸಭೆಯೋ ಗುರುವಾರ ಸಂಜೆ! ಅನುಭವಸ್ಥ ಬಾತ್ಮೀದಾರರ ಪದ್ಧತಿಯಂತೆ ಬೆಳಗ್ಗೆಯೇ ಬರೆದು ಕಳಿಸಿದೆ: 'ಅಧ್ಯಕ್ಷರು ಒಂದು ಗಂಟೆ ಓಜಸ್ವಿಯಾಗಿ ಮಾತನಾಡಿದರು. ದೀರ್ಘ ಕರತಾಡನ.' ನಮ್ಮ ಮಾವ ಮಾತಾಡದೆ ಬಿಡುವ ಆಸಾಮಿಯಲ್ಲ.

ಬಿಟ್ಟರು! ಜನರನ್ನು ಕಂಡೊಡನೆ ನಾಲಗೆ ಅಂಟಿಕೊಂಡಿತು. "ಎಲ್ಲಾ ಬಂದ್ರಾ? ಉಂಡ್ಕಂಡ್ ಓಗಿ" ಎಂದು ಕೂತೇಬಿಟ್ಟರು.

ಭಾನುವಾರ ಪತ್ರಿಕೆ ಬಂತು. ಮಾವನ ಜಗಲಿಯಲ್ಲಿ, ಹತ್ತು ಜನರೆದುರು, ಜಯಮ್ಮನೇ ಗಟ್ಟಿಯಾಗಿ ಓದಿದಳು. ನಾನು ಬರೆದ 'ಇನ್ನೂರು ಜನ' ಅಚ್ಚಿನಲ್ಲಿ 'ಜನಸಾಗರ'ವಾಗಿತ್ತು!

ಸೈಕಲ್ ರಿಪೇರಿಯ ಹುಸೇನ್ ಸಾಬರು ನಕ್ಕರು: "ಗೌಡ್ರೇ, ನೀವು ಆಡಿದ್ದು ಎರಡೇ ಮಾತಲ್ವಾ?"

"ಪೇಪರ್ನೋರ್ಗಿಂತ ನೀವ್ ಎಚ್ಚು ಕಂಡ್ರಾ ಸಾಬ್ರೇ?" ಮಾವ ಗುಡುಗಿದರು. "ಅಚ್ಚಾಗ್ಯದೆ ಅಂದ್ಮೇಲೆ ಆಡಿವ್ನಿ ಬುಡಿ!"

ಗೆದ್ದೆ ಎಂದುಕೊಂಡೆ. ಜಯಮ್ಮ ಪತ್ರಿಕೆ ಮಡಿಚಿದಳು.

"ನಾನೂ ಸಭೇಲಿದ್ದೆ ಬಾವ. ನಮ್ ಮದ್ವೆ ವರದೀನೂ ಬರ್ದಿಟ್ಟಿದ್ದೀಯಾ?"

ಜೇಬಿನಲ್ಲೇ ಇತ್ತು! ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಗಂಡಿನ ಎಸ್ರು ಒಂದ್ನ ಅಳ್ಸಾಕು. ಮಿಕ್ಕಿದ್ದು ಅಂಗೇ ಇರ್ಲಿ."

ಮಾವ ನನ್ನ ಪರವಾಗಿ ಬಾಯಿ ತೆರೆದರು. ಮಗಳ ಕಣ್ಣು ಕಂಡು, ಸಭೆಯ ದಿನದಂತೆಯೇ ಮುಚ್ಚಿಕೊಂಡರು. ಬೆಳ್ಳಿ ಬಟ್ಟಲಿನ ಚರ್ಚಾಪಟು ನಾನು, ಜೇಬಿನಿಂದ ವರದಿ ತೆಗೆದು ನನ್ನ ಹೆಸರನ್ನು ನಾನೇ ಹೊಡೆದುಹಾಕಿದೆ.

ವೈಶಾಖದಲ್ಲಿ ಜಯಮ್ಮನ ಮದುವೆ ವಿಜೃಂಭಣೆಯಿಂದ ನಡೆಯಿತು, ಹನಕೆರೆಯ ಮೇಷ್ಟರೊಂದಿಗೆ. ಈ ಸಲ ಧಾರೆ ಮುಗಿಯುವವರೆಗೂ ಕಾದೆ. ಉಂಡು, ಕೈತೊಳೆದು, ಆಮೇಲೆ ಬರೆದೆ. ಅಕ್ಷರಕ್ಷರವೂ ನಿಜ!

ರೈಲು ತಪ್ಪಿತು. ಪತ್ರಿಕೆ ಹಾಕಲಿಲ್ಲ.