ಮಾವನ ಶೆಡ್ಡಿನ ಮೇಲೆ ಬಂದ ತೀರ್ಪು

ಟೀವಿಯಲ್ಲಿ ‘ಕೋರ್ಟಿನ ಮಹತ್ವದ ತೀರ್ಪು’ ಎಂದು ಕೆಂಪು ಪಟ್ಟಿ ಓಡಿದರೆ ಸಾಕು, ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ನಾನು ವಕೀಲೆಯಲ್ಲ. ದೆಹಲಿಯ ಒಂದು ಸರ್ಕಾರಿ ಕಚೇರಿಯ ಕಾನೂನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಕೇಳಿದವರಿಗೆ ತೀರ್ಪು ಹುಡುಕಿಕೊಡುವುದು, ಯಾವ ಕಾನೂನು ಇನ್ನೂ ಜೀವಂತವಿದೆ, ಯಾವುದು ತೀರಿಕೊಂಡಿದೆ ಎಂದು ನೋಡಿ ಹೇಳುವುದು, ಇಷ್ಟೇ ನನ್ನ ಕೆಲಸ. ನಮ್ಮ ಕನ್ನಡದ ಬಳಗಕ್ಕೆ ಈ ವ್ಯತ್ಯಾಸವೆಲ್ಲ ಬೇಕಾಗಿಲ್ಲ. ದಂಡಸಂಹಿತೆ ಬದಲಾದ ಹೊಸದರಲ್ಲಿ ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿ, ಮೋಸಗಾರರನ್ನು ಇನ್ನು ಮುಂದೆಯೂ ಫೋರ್ ಟ್ವೆಂಟಿ ಎಂದು ಬೈಯಬಹುದೇ ಎಂದು ವಿಚಾರಿಸಿದರು. ಈಗ ಅದು ಮುನ್ನೂರ ಹದಿನೆಂಟು ಎಂದೆ. ಒಂದೆರಡು ಸಲ ಹೇಳಿ ನೋಡಿಕೊಂಡು, “ಇದರಲ್ಲಿ ಬೈದ ಹಾಗೇ ಅನ್ನಿಸಲ್ಲ ಬಿಡಿ” ಎಂದು ಫೋನ್ ಇಟ್ಟರು.

ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಮಾವನ ಶೆಡ್ಡಿನ ವಿಷಯದಲ್ಲಿ ನಡೆದದ್ದೇ ಬೇರೆ. ಆಗ ನಾವ್ಯಾರೂ ಅಷ್ಟಾಗಿ ನಗಲಿಲ್ಲ. ಈಗ ನಗುತ್ತೇವೆ, ನೆಮ್ಮದಿಯಿಂದ.

ಮೇಜುಗಳ ಕವಾಯತು

ಮಾವ, ಊರಲ್ಲಿರುವ ನನ್ನ ಅಮ್ಮನ ದೂರದ ತಮ್ಮ. ಕುಂದಾಪುರದ ಕಡೆಯಿಂದ ಬಂದು ನೋಯ್ಡಾದ ಮಾರ್ಕೆಟ್ಟಿನಲ್ಲಿ ಹೋಟೆಲ್ ಇಟ್ಟವರು. ಒಳಗೆ ಅಡುಗೆಮನೆ ಬಿಟ್ಟರೆ ಕಾಲಿಡಲು ಜಾಗವಿಲ್ಲ. ಎಲ್ಲವೂ ಮುಂದಿನ ತಗಡಿನ ಶೆಡ್ಡಿನಲ್ಲೇ. ಮೇಜುಗಳು ಅಲ್ಲಿ, ದೋಸೆ ಕಾವಲಿ ಅಲ್ಲಿ, ಕಂಪನಿಗಳಿಂದ ಊಟಕ್ಕೆ ಬರುವವರ ಗದ್ದಲವೂ ಅಲ್ಲಿ. ಹೀಗಿರುವಾಗ, ಅಂಗಡಿಗಳ ಮುಂದೆ ಇಳಿಸಿಕೊಂಡ ಶೆಡ್ಡುಗಳನ್ನೆಲ್ಲ ಕಿತ್ತುಹಾಕಬೇಕೇ ಎಂಬ ಕೇಸು ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಟೀವಿಯವರು ‘ಎನ್‌ಸಿಆರ್‌ನಲ್ಲಿ ಶೆಡ್ಡುಗಳಿಗೆ ಕುತ್ತು’ ಎಂದು ದೆಹಲಿ ಮತ್ತು ಸುತ್ತಲಿನ ಊರುಗಳ ಭೂಪಟಕ್ಕೆಲ್ಲ ಕೆಂಪು ಬಳಿದು ತೋರಿಸಿದರು. ಶೆಡ್ಡು ಹೋದರೆ ಹೋಟೆಲ್ಲೇ ಹೋದ ಹಾಗೆ ಎಂದು ಮಾವನಿಗೆ ಊಟ ಸೇರದಾಯಿತು.

ವಿಚಾರಣೆಯ ದಿನ ಅವರ ಮಗಳು ಕಾನೂನು ಸುದ್ದಿ ಕೊಡುವ ಒಂದು ವೆಬ್‌ಸೈಟು ತೆರೆದು ಕೂತಳು. ಕೋರ್ಟಿನಲ್ಲಿ ಯಾರು ಏನು ಅಂದರು ಎಂದು ಆಗಿಂದಾಗಲೇ ಅದರಲ್ಲಿ ಬರುತ್ತದೆ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ.

“ಅಪ್ಪಾ, ಜಡ್ಜ್ ಗುಸ್ಸಾ ಆಗಿದ್ದಾರೆ” ಎಂದಳು.

“ಯಾರ ಮೇಲೆ?”

“ಪತಾ ನಹೀ. ಎಲ್ಲರ ಮೇಲೂ ಅನ್ಸತ್ತೆ.”

ಮಾವ ಮೇಜುಗಳನ್ನು ಹೇಗೋ ಅಡುಗೆಮನೆಯೊಳಗೆ ತುರುಕಿಸಿದರು. ಸ್ವಲ್ಪ ಹೊತ್ತಿಗೆ ನ್ಯಾಯಾಧೀಶರು ನಗರಪಾಲಿಕೆಯ ವಕೀಲರನ್ನೇ ಗದರಿಕೊಂಡ ಸುದ್ದಿ ಬಂತು. ಮೇಜುಗಳು ಹೊರಗೆ ಹೋದವು. ಮತ್ತೆ ಹೋಟೆಲಿನವರಿಗೆ ಬೈಗುಳ ಬಿತ್ತು, ಮತ್ತೆ ಒಳಗೆ. ಇಡ್ಲಿ ತಿನ್ನುತ್ತಿದ್ದ ಒಬ್ಬರು ತಟ್ಟೆ ಹಿಡಿದು ತಮ್ಮ ಮೇಜಿನ ಹಿಂದೆಯೇ ಓಡಾಡಿದರಂತೆ.

ನಾನು ಫೋನಿನಲ್ಲಿ ಸಮಾಧಾನ ಹೇಳಿದೆ. ವಿಚಾರಣೆಯಲ್ಲಿ ಆಡುವ ಮಾತು ಆದೇಶವಲ್ಲ, ನ್ಯಾಯಾಧೀಶರು ಎರಡೂ ಕಡೆಯವರನ್ನು ಕೆಣಕಿ ನೋಡುತ್ತಾರೆ, ಸಹಿಯಾದ ಕಾಗದ ಬರುವ ತನಕ ಮೇಜು ಮುಟ್ಟಬೇಡಿ ಎಂದೆ. ಮಾವ ಯೋಚಿಸಿ ಹೇಳಿದರು: “ಇದು ನಿನ್ನ ಅತ್ತೆ ಸೀರೆ ಅಂಗಡಿಗೆ ಹೋದ ಹಾಗಾಯ್ತು ಮಾರಾಯ್ತಿ. ಕೊನೆಗೆ ಯಾವುದು ತಗೊಳ್ತಾಳೆ ಅಂತ ಅವಳಿಗೂ ಗೊತ್ತಿರೋದಿಲ್ಲ.”

ರಾಯರ ಪ್ಯಾರಾ

ಮುಂದಿನ ವಾರ ತೀರ್ಪು ಬಂತು. ಶೆಡ್ಡು ತೆಗೆಯಲೇಬೇಕು ಎಂದು ಟೀವಿಯವರು ಕೂಗಿದರು. ಟೀವಿ ನಂಬಬೇಡಿ, ಮೂಲ ತೀರ್ಪು ನೋಡೋಣ ಎಂದೆ. ನಾನು ನೋಡುವ ಮೊದಲೇ ನೋಡಿದವರು ವಸಂತ್ ಕುಂಜದಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ರಾಯರು. ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಮಾವನ ಹೋಟೆಲಿನ ದೋಸೆಗಾಗಿ ಯಮುನೆ ದಾಟಿ ಹೋಗುವ ನಿಷ್ಠಾವಂತರು. ಕೋರ್ಟಿನ ವೆಬ್‌ಸೈಟಿನಿಂದ ತೀರ್ಪು ಇಳಿಸಿಕೊಂಡು, ‘ಶೆಡ್’ ಎಂಬ ಪದ ಹುಡುಕಿ, ಸಿಕ್ಕಿದ್ದನ್ನು ಓದಿ, ಸೀದಾ ಮಾವನಿಗೇ ಫೋನ್ ಹಚ್ಚಿದ್ದರು.

ಸುದ್ದಿ ಶುಭವಾಗಿತ್ತು. ಬಹುಕಾಲದಿಂದ ನಡೆದುಬಂದ ಶೆಡ್ಡುಗಳನ್ನು ಕಿತ್ತರೆ ಬಡ ಹೋಟೆಲಿನವರ ಅನ್ನ ಕಿತ್ತುಕೊಂಡಂತೆ, ಅದು ಸಂವಿಧಾನಕ್ಕೇ ವಿರುದ್ಧ ಎಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಬರೆದಿದೆ ಎಂದರು. ಪ್ಯಾರಾ ನಂಬರನ್ನೂ ಕೊಟ್ಟರು. ಮಾವ ಅಂದು ಬಂದ ಗಿರಾಕಿಗಳಿಗೆಲ್ಲ ಕೇಸರಿಬಾತ್ ಹಂಚಿಸಿದರು.

ಸಂಜೆ ರಾಯರು ಅದೇ ಪ್ಯಾರಾವನ್ನು ನನಗೂ ತೋರಿಸಿದರು. ಬರೆದದ್ದು ನಿಜವೇ. ಆದರೆ ಅದಕ್ಕಿಂತ ಸ್ವಲ್ಪ ಮೇಲೆ, ಹಿಂದಿನ ಪುಟದಲ್ಲಿ, ‘ಹೋಟೆಲಿನವರ ಪರ ವಕೀಲರು ವಾದಿಸಿದ್ದೇನೆಂದರೆ’ ಎಂದಿತ್ತು. ರಾಯರು ಓದಿದ್ದು ಸೋತವರ ವಾದ. ಕೋರ್ಟು ಅದನ್ನೆಲ್ಲ ಸಾವಧಾನವಾಗಿ ಬರೆದುಕೊಂಡು, ಆಮೇಲೆ ಒಂದೇ ಸಾಲಿನಲ್ಲಿ ‘ಇದನ್ನು ಒಪ್ಪಲಾಗದು’ ಎಂದಿತ್ತು.

ರಾಯರು ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ಇಷ್ಟು ಚೆನ್ನಾಗಿ ಬರೆದು ಕೊನೆಗೆ ಒಪ್ಪಲ್ಲ ಅಂದ್ರೆ ಹೇಗೆ? ನಮ್ಮ ಆಫೀಸಲ್ಲಾಗಿದ್ರೆ ಅಷ್ಟು ಉದ್ದದ ನೋಟ್ ಇದ್ದ ಫೈಲನ್ನು ಯಾರೂ ಓದದೇ ಮಂಜೂರು ಮಾಡ್ತಿದ್ರು.”

ಮಾವನಿಗೆ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು, ತಿಂದ ಕೇಸರಿಬಾತನ್ನಂತೂ ವಾಪಸು ಕೇಳುವ ಹಾಗಿಲ್ಲ ಎಂದರು.

ಮೊದಲಿಂದ ಓದು

ಭಾನುವಾರ ತೀರ್ಪಿನ ಪ್ರತಿ ಹಿಡಿದು ಮೆಟ್ರೊ ಹತ್ತಿ ನೋಯ್ಡಾಕ್ಕೆ ಹೋದೆ. ಶೆಡ್ಡಿನಲ್ಲಿ ಮಾವ ಒಬ್ಬರೇ ಕೂತಿದ್ದರು. ದೋಸೆ ಹೊಯ್ಯುವ ಭಟ್ಟರು ಹೋಟೆಲು ಶುರುವಾದಾಗಿನಿಂದ ಇರುವವರು. ಕಾವಲಿ ಒಳಗೆ ಹಿಡಿಸುವುದಿಲ್ಲ. ಶೆಡ್ಡು ತೆಗೆದ ಮೇಲೆ ದೋಸೆಯೂ ಇಲ್ಲ, ಭಟ್ಟರಿಗೆ ಕೆಲಸವೂ ಇಲ್ಲ. “ಅವನಿಗೆ ಯಾವ ಬಾಯಲ್ಲಿ ಹೇಳಲಿ ಮಾರಾಯ್ತಿ, ಊರಿಗೆ ಹೋಗು ಅಂತ” ಎಂದು ಮಾವ ತಲೆ ಮೇಲೆ ಕೈಯಿಟ್ಟುಕೊಂಡರು. ನನಗೆ ಸಂಕಟವಾಯಿತು. ಎಷ್ಟು ದಿನದ ಗಡುವು ಕೊಟ್ಟಿದ್ದಾರೋ ಅದನ್ನಾದರೂ ನೋಡೋಣ ಎಂದು ಕೊನೆಯ ಪುಟ ತಿರುಗಿಸಿದೆ.

ಮಾವ ಬೇಡವೆಂದರು. ರಾಯರು ನಡುವಿನಿಂದ ಓದಿ ಹಾಗಾಯಿತು, ನೀನು ಕೊನೆಯಿಂದ ಓದಿ ಇನ್ನೊಂದು ಮಾಡಬೇಡ, ಸಾಯುವುದಾದರೂ ಪೂರ್ತಿ ಕೇಳಿಯೇ ಸಾಯುತ್ತೇನೆ, ಮೊದಲಿಂದ ಓದು ಎಂದರು.

ಸರಿ, ಮೊದಲ ಪುಟದ ಮೊದಲ ಸಾಲಿನಿಂದ ಕನ್ನಡದಲ್ಲಿ ಹೇಳುತ್ತಾ ಹೋದೆ. ಯಾವ ಕೋರ್ಟು, ಅರ್ಜಿ ಹಾಕಿದವರು ಯಾರು, ಯಾರ ಮೇಲೆ ಹಾಕಿದ್ದು. ಕೋರ್ಟು ದೆಹಲಿಯ ಹೈಕೋರ್ಟು. ಎದುರು ಪಕ್ಷದಲ್ಲಿದ್ದದ್ದು ದೆಹಲಿಯ ನಗರಪಾಲಿಕೆ. ಆದೇಶ ದೆಹಲಿಯ ಮಾರ್ಕೆಟ್ಟುಗಳಿಗೆ. ಓದುತ್ತಿದ್ದವಳು ಗಕ್ಕನೆ ನಿಂತೆ.

“ಮಾವ, ನೀವಿರೋದು ಉತ್ತರ ಪ್ರದೇಶ.”

“ಗೊತ್ತುಂಟಲ್ಲ. ಕರೆಂಟ್ ಹೋದಾಗೆಲ್ಲ ನೆನಪಾಗ್ತದೆ.”

“ಹಾಗಲ್ಲ ಮಾವ. ಆ ಕೋರ್ಟಿನ ಆದೇಶ ದೆಹಲಿ ಗಡಿಯ ಆ ಕಡೆಗೆ. ಈ ಕಡೆಯ ಶೆಡ್ಡಿಗೆ ಅದು ತಾಗೋದಿಲ್ಲ.”

ನಂಬಿಕೆ ಬರಲೆಂದು ಪೂರ್ತಿ ಓದಿದೆ. ನೋಯ್ಡಾದ ಹೆಸರು ಒಂದು ಕಡೆಯೂ ಇರಲಿಲ್ಲ. ಎನ್‌ಸಿಆರ್ ಎಂದದ್ದು ಟೀವಿಯವರು, ಕೋರ್ಟಲ್ಲ. ಮುಂದೆ ಇಲ್ಲಿಯ ಕೋರ್ಟಿಗೂ ಇಂಥ ಕೇಸು ಬರಬಹುದು, ಬಂದಾಗ ನೋಡೋಣ ಎಂದೆ. ಮಾವನಿಗೆ ಅದು ಕೇಳಿಸಿತೋ ಇಲ್ಲವೋ. ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಒಳಗೆ ಅಡುಗೆಮನೆಯಲ್ಲಿದ್ದ ಭಟ್ಟರ ಹತ್ತಿರ ಹೋಗಿ ಎರಡು ಮಸಾಲೆ ದೋಸೆ ಹೇಳಿದರು. ಏನಾಯಿತು ಎಂದು ಭಟ್ಟರು ಕೇಳಿದ್ದಕ್ಕೆ, ಏನೂ ಆಗಲಿಲ್ಲ, ಅದೇ ಸಂತೋಷ ಎಂದರು. ನನಗೂ ಕಣ್ಣು ತುಂಬಿತ್ತು. ಅಂದಿನ ದೋಸೆಯಷ್ಟು ರುಚಿಯ ದೋಸೆಯನ್ನು ನಾನು ತಿಂದದ್ದಿಲ್ಲ.

ಹೊರಡುವಾಗ ಮಾವ ಮೆಟ್ರೊ ಸ್ಟೇಷನ್ನಿನ ತನಕ ಬಂದರು. ದಾರಿಯಲ್ಲಿ ಮತ್ತೆ ಮುಖ ಸಣ್ಣಗಾಗಿತ್ತು. ಇನ್ನೇನು ಚಿಂತೆ ಎಂದು ಕೇಳಿದೆ. ಹಿಂದೆ ಮುಂದೆ ನೋಡಿ, ದನಿ ಇಳಿಸಿದರು.

“ಊರಿನ ದೇವಸ್ಥಾನದಲ್ಲಿ ಗಂಟೆ ಕೊಟ್ಟಿದ್ದೇನೆ. ಅದರ ಮೇಲೆ ‘ದೆಹಲಿ ಹೋಟೆಲ್ ಉದ್ಯಮಿ’ ಅಂತ ಕೆತ್ತಿಸಿದ್ದು. ನಾವು ದಿಲ್ಲಿಯಲ್ಲಿ ಇಲ್ಲ ಅಂತ ಕೋರ್ಟಿಗೆ ಮಾತ್ರ ಗೊತ್ತಿದ್ರೆ ಸಾಕು. ನಿನ್ನ ಅಮ್ಮನಿಗೆ ಹೇಳ್ಬೇಡ.”